ಬೇಡ ಎನ್ನುವ ಸನ್ನೆ

ನಾನು ಚಿಕ್ಕವನಿದ್ದಾಗ, ಎಂಟು ತುಂಬಿದ ವರ್ಷ, ಅಪ್ಪ ನನ್ನನ್ನು ಮೊದಲ ಸಲ ಹಂದಿ ಬೇಟೆಗೆ ಕರೆದುಕೊಂಡು ಹೋದರು. ಲಿಂಗದಹಳ್ಳಿಯ ಆಚೆ, ಗುಡ್ಡ ಶುರುವಾಗುವಲ್ಲಿ ನಮ್ಮ ಗದ್ದೆಯಿತ್ತು. ಭತ್ತದ ತೆನೆ ಹಾಲು ತುಂಬುವ ಹೊತ್ತಿಗೆ ಕಾಡುಹಂದಿಗಳು ಇಳಿದು ಬರುತ್ತಿದ್ದವು. ಬೆಳೆ ಕಾಯಲು ಆಗ ಕೋವಿಗೆ ಲೈಸೆನ್ಸ್ ಸಿಗುತ್ತಿತ್ತು. ನಮ್ಮದು ಒಂಟಿ ನಳಿಗೆಯ ಕೋವಿ. ಅದರ ಬಾಯಿಂದ ಮದ್ದು, ತೆಂಗಿನ ನಾರು, ಸೀಸದ ಗುಂಡು ಹಾಕಿ ಸರಳಿನಿಂದ ಗಿಡಿಯಬೇಕಿತ್ತು. ಒಂದು ಸಲ ಹಾರಿಸಿದ ಮೇಲೆ ಮತ್ತೆ ತುಂಬುವಷ್ಟರಲ್ಲಿ ಹಂದಿ ಗುಡ್ಡ ಹತ್ತಿರುತ್ತಿತ್ತು.

ಗದ್ದೆಯ ಅಂಚಿಗೆ ಲಂಟಾನ ಪೊದೆ ಬೆಳೆದಿತ್ತು. ನಿಂತವರಿಗೆ ಎಲೆ ಬಿಟ್ಟರೆ ಬೇರೇನೂ ಕಾಣದು. ನೆಲಕ್ಕೆ ಕೆನ್ನೆ ತಾಗಿಸಿ ಮಲಗಿದರೆ ಮಾತ್ರ ಕಾಂಡಗಳ ನಡುವೆ ಪ್ರಾಣಿಯ ಕಾಲು ಕಾಣುತ್ತದೆ. ಆ ಕೆಲಸ ನನ್ನದು. ಅಪ್ಪ ಮರಕ್ಕೆ ಒರಗಿ ಕೋವಿ ಹಿಡಿದು ನಿಲ್ಲುತ್ತಾರೆ, ನಾನು ಅವರ ಪಾದದ ಪಕ್ಕ ಮಲಗಿ ನೋಡಬೇಕು. ಹಂದಿಯ ಕಾಲು ಕಂಡರೆ ಅವರ ಹಿಮ್ಮಡಿಗೆ ಒಮ್ಮೆ ತಟ್ಟಬೇಕು. ಮಾತಾಡುವಂತಿಲ್ಲ, ಹಂದಿಯ ಕಿವಿ ಬಹಳ ಚುರುಕು.

"ನಾಲ್ಕೂ ಕಾಲು ಕಾಣ್ಬೇಕು ಕಣೋ. ಮೂರು ಕಂಡ್ರೂ ಸುಮ್ನೆ ಮಲ್ಗಿರು," ಎಂದು ಅಪ್ಪ ಹೇಳಿದ್ದರು.

ಮೇಲಿನಿಂದ ತಗಡು ಬಡಿದು ಹಂದಿ ಎಬ್ಬಿಸಲು ಹೊರಟಿದ್ದ ಚಿಕ್ಕಪ್ಪ ನಕ್ಕರು. "ಇವ್ನು ಕಾಲು ಎಣಿಸಿ ಮುಗ್ಸೋದ್ರಲ್ಲಿ ಹಂದಿ ತರೀಕೆರೆ ಸ್ಟೇಷನ್ನಲ್ಲಿ ಟಿಕೆಟ್ ತಗೊಂಡಿರ್ತದೆ ಬಿಡಣ್ಣ."

ಆ ಮಾತು ನನ್ನನ್ನು ಚುಚ್ಚಿತು. ನಾನು ತಡ ಮಾಡಬಾರದು ಎಂದುಕೊಂಡೆ.

ಬಿಸಿಲು ಆಗಷ್ಟೇ ಏರುತ್ತಿತ್ತು. ನೆಲ ತಣ್ಣಗಿತ್ತು, ಕೊಳೆತ ಎಲೆಯ ವಾಸನೆ ಮೂಗಿಗೆ ಅಡರುತ್ತಿತ್ತು. ದೂರದಲ್ಲಿ ತಗಡಿನ ಸದ್ದು ಶುರುವಾಗಿ ಹತ್ತಿರ ಹತ್ತಿರ ಬಂತು. ನಮ್ಮಿಂದ ಇಪ್ಪತ್ತು ಹೆಜ್ಜೆ ಆಚೆ ಪೊದೆ ಅಲುಗಿತು. ನಿಂತಿತು. ಮತ್ತೆ ಅಲುಗಿತು. ಕಾಂಡಗಳ ನಡುವೆ ಕಪ್ಪಗೆ ಏನೋ ಸರಿದ ಹಾಗಾಯಿತು. ನನಗೆ ಒಂದು ಕಾಲೂ ಕಂಡಿರಲಿಲ್ಲ. ಆದರೂ ಅಪ್ಪನ ಹಿಮ್ಮಡಿಗೆ ತಟ್ಟಿದೆ.

ಕೋವಿಯ ಕುದುರೆಯನ್ನು, ಅಂದರೆ ಮದ್ದಿಗೆ ಕಿಡಿ ಹೊತ್ತಿಸುವ ಕೇಪಿಗೆ ಬಡಿಯುವ ಕಬ್ಬಿಣದ ತುಂಡನ್ನು, ಅಪ್ಪ ಹಿಂದಕ್ಕೆ ಎಳೆದ ಸದ್ದು ತಲೆಯ ಮೇಲೆ ಕೇಳಿತು. ಅದೇ ಕ್ಷಣ ನನಗೆ ಒಂದು ಅಂಗೈ ಕಂಡಿತು. ಒದ್ದೆ ಎಲೆಗಳ ಮೇಲೆ ಊರಿದ ಅಂಗೈ. ಮಣಿಕಟ್ಟಿನಲ್ಲಿ ಹಸಿರು ಗಾಜಿನ ಬಳೆ.

ಅದು ಅಕ್ಕ.

ಹೊಡಿ ಎನ್ನಲು ನಮ್ಮಲ್ಲಿ ಸನ್ನೆಯಿತ್ತು. ಬೇಡ ಎನ್ನಲು ಸನ್ನೆಯೇ ಇರಲಿಲ್ಲ. ಇನ್ನೊಮ್ಮೆ ತಟ್ಟಿದರೆ ಅವಸರ ಮಾಡು ಎಂದು ಅಪ್ಪ ತಿಳಿಯಬಹುದು. ಕೂಗುವಷ್ಟು ಹೊತ್ತೂ ಇರಲಿಲ್ಲ. ಎರಡೂ ಕೈಯಿಂದ ಅಪ್ಪನ ಕಾಲನ್ನು ತಬ್ಬಿ ಎಳೆದೆ.

ಕೋವಿ ಹಾರಿತು. ಹೊಗೆ ಕವಿದು ಏನೂ ಕಾಣದಾಯಿತು. ಕಿವಿ ಗುಂಯ್ ಎನ್ನುತ್ತಿತ್ತು. ಅಪ್ಪ ಮಂಡಿಯೂರಿ ಬಿದ್ದಿದ್ದರು. ಹೊಗೆ ಸರಿಯುವವರೆಗೆ ನಾವಿಬ್ಬರೂ ಪೊದೆಯನ್ನೇ ನೋಡುತ್ತಿದ್ದೆವು. ಆ ಹೊತ್ತು ಎಷ್ಟು ಉದ್ದವಿತ್ತೆಂದು ನನಗೆ ಇಂದಿಗೂ ಹೇಳಲು ಬರುವುದಿಲ್ಲ.

ಅಕ್ಕ ಅಂಬೆಗಾಲಿನಲ್ಲಿ ಹೊರಗೆ ಬಂದಳು. ಕೂದಲಲ್ಲಿ ಮುಳ್ಳು, ಕೈಯಲ್ಲಿ ತುಂಡಾದ ಹಗ್ಗ.

"ಕರು ತಪ್ಪಿಸ್ಕೊಂಡಿತ್ತಪ್ಪ," ಎಂದಳು. "ಬೈತೀಯ ಅಂತ ಕೂಗ್ದೆ ಹುಡುಕ್ತಿದ್ದೆ."

ಗುಂಡು ಅವಳ ಹಿಂದಿನ ಮತ್ತಿ ಮರದಲ್ಲಿ, ಆಳೆತ್ತರಕ್ಕೂ ಮೇಲೆ ಹೊಕ್ಕಿತ್ತು. ಅಪ್ಪ ಎದ್ದು ಹೋಗಿ ಅಕ್ಕನ ತಲೆ, ಹೆಗಲು, ಬೆನ್ನು ಎಲ್ಲವನ್ನೂ ಮುಟ್ಟಿ ನೋಡಿದರು. ಓಡಿ ಬಂದ ಚಿಕ್ಕಪ್ಪ ಅವಳನ್ನು ಕಂಡವರೇ ತಗಡು ಬಿಟ್ಟು ನೆಲಕ್ಕೆ ಕುಳಿತರು. ಆಮೇಲೆ ಅಪ್ಪ ನನ್ನ ಮುಂದೆ ಬಂದು ನಿಂತರು.

"ಎಷ್ಟು ಕಾಲು ನೋಡ್ದೆ?"

"ಒಂದೂ ನೋಡ್ಲಿಲ್ಲ."

ಹೊಡೆಯುತ್ತಾರೆ ಎಂದು ಕಣ್ಣು ಮುಚ್ಚಿದೆ. ಅಪ್ಪ ಹೊಡೆಯಲಿಲ್ಲ. "ತಟ್ಟಿದ್ದು ನೀನಾದ್ರೂ ಬೆರಳು ನಂದು ಕಣೋ," ಎಂದರು.

ಒಂದು ತಿಂಗಳು ಅವರು ಕೋವಿ ಮುಟ್ಟಲಿಲ್ಲ. ಮತ್ತೆ ಹೊರಟ ದಿನ ಸನ್ನೆಯನ್ನೇ ತಿರುಗಿಸಿದರು. ನಾನು ಅವರ ಪಾದ ಹಿಡಿದೇ ಮಲಗಬೇಕು. ಹಿಡಿದಿರುವಷ್ಟು ಹೊತ್ತೂ ಬೇಡ ಎಂದರ್ಥ, ಕೈ ಬಿಟ್ಟರೆ ಮಾತ್ರ ಹೊಡಿ. ಅಂದು ಪೊದೆಯಲ್ಲಿ ನಾಲ್ಕು ಕಾಲು ಸ್ಪಷ್ಟವಾಗಿ ಕಂಡವು. ಅವುಗಳ ಹಿಂದೆಯೇ ಬೆರಳುದ್ದದ ಕಾಲುಗಳ ಸಾಲು, ಮೈಮೇಲೆ ಪಟ್ಟೆಯಿರುವ ಮರಿಗಳು. ನಾನು ಕೈ ಬಿಡಲಿಲ್ಲ. ತಾಯಿಹಂದಿ ಮರಿಗಳನ್ನು ಕರೆದುಕೊಂಡು ನಮ್ಮ ಎದುರೇ ದಾಟಿ ಹೋಯಿತು. ಅಪ್ಪ ಕೋವಿಯ ಕುದುರೆಯನ್ನು ಮೆಲ್ಲಗೆ ಇಳಿಸಿದರು.

ಈಗ ಬೇಟೆಯಿಲ್ಲ, ಇರಲೂಬಾರದು. ನಮ್ಮ ಕೋವಿಯನ್ನು ಠಾಣೆಗೆ ಒಪ್ಪಿಸಿ ಎಷ್ಟೋ ವರ್ಷವಾಯಿತು. ನನ್ನ ಮೊಮ್ಮಕ್ಕಳು ಕಾಡುಪ್ರಾಣಿ ನೋಡುವುದು ಲಕ್ಕವಳ್ಳಿಯ ಸಫಾರಿ ಜೀಪಿನಲ್ಲಿ, ಕೋವಿ ನೋಡುವುದು ಮೊಬೈಲಿನಲ್ಲಿ. ಹೋದ ರಜೆಯಲ್ಲಿ ಅಜ್ಜಂಪುರದ ಅಕ್ಕನ ಮನೆಯಲ್ಲಿ ಎಲ್ಲರೂ ಸೇರಿದ್ದೆವು. ಚಿಕ್ಕ ಮೊಮ್ಮಗ ಗುಂಡು ಹಾರಿಸುವ ಆಟವನ್ನು ನನ್ನ ಕೈಗೆ ಕೊಟ್ಟ. ಪೊದೆಯೊಂದು ಅಲುಗಿತು. ನಾನು ನೋಡುತ್ತಾ ಕುಳಿತೆ.

"ಲೇಟ್ ಮಾಡ್ದೆ ಅಜ್ಜ, ಸತ್ತೋದೆ ನೀನು," ಎಂದು ಅವನು ನಕ್ಕ.

ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅಕ್ಕ ತಲೆಯೆತ್ತಲಿಲ್ಲ. "ಇನ್ನೊಂದಾಟ ಕೊಡೋ ಅವ್ನಿಗೆ," ಎಂದಳು. "ನಿಧಾನಕ್ಕೇ ಆಡ್ಲಿ."