ಕಾಕುವಿನ ದೊಡ್ಡ ಕೂಸು

ಬಾಗಿಲು ತೆಗೆದ ಕೂಡಲೇ ಮೂಗಿಗೆ ಬಡಿದದ್ದು ಕಮಲಾಪುರದ ಕೆಂಬಾಳೆಯ ವಾಸನೆ. ಊರಿಂದ ಬಂದವರು ಯಾರೋ ಕೊಟ್ಟುಹೋದರು ಎಂದು ಮಗಳು ಹೇಳಿದಳು. ಯಾರು ಕಳಿಸಿದ್ದು ಎಂದು ಕೇಳುವ ಅಗತ್ಯವಿರಲಿಲ್ಲ. ಶಾಲೆಯಲ್ಲಿ ದಿನವಿಡೀ ಗಂಟಲು ಹರಿದುಕೊಂಡು ಬಂದಿದ್ದೆ. ಕೈಚೀಲ ಒಂದು ಕಡೆ ಒಗೆದು ಆ ಹಣ್ಣಿನ ಮುಂದೆ ಸುಮ್ಮನೆ ಕೂತೆ. ನನಗೀಗ ಸಕ್ಕರೆ ಕಾಯಿಲೆ. ವಾಸನೆಯಷ್ಟೇ ನನ್ನ ಪಾಲು. ಕಾಕು ಇದ್ದಿದ್ದರೆ ಅದಕ್ಕೂ ಬಯ್ಯುತ್ತಿದ್ದರು...

ಕಾಕು, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದರೂ ರಕ್ತಸಂಬಂಧದವರಲ್ಲ. ಜೇವರ್ಗಿ ಕಾಲೋನಿಯಲ್ಲಿ ನಾವು ಬಾಡಿಗೆಗಿದ್ದ ಮನೆಯ ಮಾಲಕಿ. ಕಮಲಾಪುರಕ್ಕೆ ಸೊಸೆಯಾಗಿ ಹೋಗಿ, ಗಂಡನ ನೌಕರಿಯ ಹಿಂದೆ ಕಲಬುರಗಿಗೆ ಬಂದವರು. ನನಗೆ ತಾಯಿ ಇರಲಿಲ್ಲ. ನಾನು ಬಸುರಿ ಎಂದು ಗೊತ್ತಾದದ್ದೇ ತಡ, ಕಾಕು ನನ್ನ ಹೊಟ್ಟೆಯನ್ನು ತಮ್ಮ ಸುಪರ್ದಿಗೆ ತೆಗೆದುಕೊಂಡರು. ಬೆಳಗ್ಗೆ ಬೆಲ್ಲದ ಸಜ್ಜಕ, ಮಧ್ಯಾಹ್ನ ಹೋಳಿಗೆ, ಸಂಜೆ ಕೆಂಬಾಳೆ. ಬೇಡ ಎಂದರೆ, "ನಿನಗ ಯಾರ್ ಕೊಡ್ಲಾಕತ್ತಾರ? ನಾ ಕೂಸಿಗಿ ಕೊಡ್ಲಾಕತ್ತೀನಿ," ಎನ್ನುತ್ತಿದ್ದರು. ದೊಡ್ಡ ಕೂಸು ಹೆರಬೇಕು, ತಮಗೆ ಹುಟ್ಟಿದ್ದಂಥದು. ಅದೊಂದೇ ಹಟ.

ಅವರ ಚೊಚ್ಚಲು ಗಂಡು ಕೂಸು ಕಮಲಾಪುರದ ಮನೆಯಲ್ಲೇ ಹುಟ್ಟಿತ್ತು. ಅದರ ಗಾತ್ರ ನೋಡಲೆಂದೇ ಓಣಿಯ ಹೆಂಗಸರು ಬಂದುಹೋದರಂತೆ. ಕಾಕುವಿನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಆಕೆಗೆ ಮಕ್ಕಳಿಲ್ಲ. ಕೂಸನ್ನು ಎತ್ತಿಕೊಂಡು, "ಎಷ್ಟ್ ಛಂದ ಅದ ಅಕ್ಕಾ!" ಅಂದಳಂತೆ. ದೃಷ್ಟಿ ತಾಕದಂತೆ ನೆಟಿಕೆ ಮುರಿಯುವುದನ್ನು ಮರೆತಳು. ಮರುದಿನ ಕೂಸಿಗೆ ಫಿಟ್ಸ್ ಬಂತು, ಉಳಿಯಲಿಲ್ಲ. ಬಂಜೆಯ ಕಣ್ಣು ತಾಕಿತು ಎಂದು ಮನೆಮಂದಿಯೆಲ್ಲ ತೀರ್ಮಾನಿಸಿಬಿಟ್ಟರು. ಕಾಕು ಆಕೆಯೊಂದಿಗೆ ಮಾತು ಬಿಟ್ಟರು. ಮುಂದೆ ಹೆಣ್ಣುಮಕ್ಕಳು ಹುಟ್ಟಿದರು, ಮದುವೆಯಾಗಿ ಹೋದರು. ಬಿಟ್ಟ ಮಾತು ಮಾತ್ರ ಬಿಟ್ಟೇ ಇತ್ತು.

ಅಷ್ಟರಲ್ಲಿ ನನ್ನ ರಕ್ತ ಪರೀಕ್ಷೆಯಲ್ಲಿ ಸಕ್ಕರೆ ಬಂತು. ಡಾಕ್ಟರಮ್ಮ ಸಿಹಿ ಬಿಡಿಸಿದರು, ಕಾಕುವಿನ ಸಜ್ಜಕವೊಂದು ನಿಲ್ಲಲಿಲ್ಲ, ಸಕ್ಕರೆ ಇಳಿಯಲಿಲ್ಲ. ಇನ್ಸುಲಿನ್ ಚುಚ್ಚಿಕೊಳ್ಳಲು ಹೇಳಿದರು. ಕಾಕು ಕೆಂಡವಾದರು. "ಹೊಟ್ಟ್ಯಾಗ ಕೂಸ ಇಟ್ಕೊಂಡು ಹೊಟ್ಟಿಗೇ ಸೂಜಿ ಚುಚ್ಕೋತಾರೇನು? ನಡಿ, ಆ ಡಾಕ್ಟರಮ್ಮಗ ನಾನೇ ಕೇಳ್ತೀನಿ!"

ಕೇಳಿಯೇ ಬಿಟ್ಟರು. ಸಾಲುಗಟ್ಟಿದ ಬಸುರಿಯರನ್ನು ನೋಡಿ ನೋಡಿ ದಣಿದಿದ್ದ ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಹೇಳಿದರು: "ಈ ಸೂಜಿ ಔಷಧ ಕೂಸಿನ ತನಕ ಹೋಗಂಗಿಲ್ಲ ಅಮ್ಮಾ. ತಾಯಿ ರಕ್ತದಾಗಿನ ಸಕ್ಕರಿ ಹೋಗ್ತದ. ಅದು ಹೆಚ್ಚಾದ್ರ ಕೂಸು ಅಳತಿ ಮೀರಿ ಬೆಳೀತದ. ಹುಟ್ಟಿದ ಮ್ಯಾಲ ತಾಯಿ ಕಡೆಯಿಂದ ಬರೋ ಸಕ್ಕರಿ ಬಂದ್ ಆಗ್ತದಲ್ಲ, ಆಗ ಕೂಸಿನ ಸಕ್ಕರಿ ಒಮ್ಮಿಗೇ ಇಳೀತದ. ಯಾರೂ ನೋಡ್ಲಿಲ್ಲಂದ್ರ ಫಿಟ್ಸ್ ಬರಬಹುದು."

ಕಾಕುವಿನ ಕೈ ನನ್ನ ಭುಜದ ಮೇಲಿತ್ತು. ಅದು ಭಾರವಾದದ್ದು ನನಗೆ ತಿಳಿಯಿತು.

"ದೊಡ್ಡ ಕೂಸು ಅಂದ್ರ ಛಲೋ ಕೂಸು ಅಲ್ಲೇನ್ರಿ?"

"ಯಾವಾಗ್ಲೂ ಅಲ್ರಿ."

ಆಮೇಲೆ ತಮ್ಮ ಕೂಸಿನ ವಿಷಯ ಕೇಳಿದರು, ಬಹಳ ಸಣ್ಣ ದನಿಯಲ್ಲಿ. ಡಾಕ್ಟರಮ್ಮ, "ಹಂಗೂ ಆಗಿರಬಹುದು. ಈಗ ಖಾತ್ರಿ ಹೇಳಾಕ ಬರಂಗಿಲ್ಲ," ಎಂದರು. ಆಟೋದಲ್ಲಿ ಮನೆಗೆ ಬಂದೆವು. ಇಳಿಯುವಾಗ ಕಾಕು, "ಪಾಪ, ಆಕಿ ಏನೂ ಮಾಡಿದ್ದಿಲ್ಲ..." ಎಂದರು. ‘ಆಗಿರಬಹುದು’ ಎಂಬುದನ್ನು ಅವರು ‘ಆಗಿತ್ತು’ ಮಾಡಿಕೊಂಡಿದ್ದರು. ನಾನು ತಿದ್ದಲು ಹೋಗಲಿಲ್ಲ.

ಮರುದಿನದಿಂದ ಸಜ್ಜಕ ಬಂದಾಯಿತು. ಬಿಸಿ ರೊಟ್ಟಿ, ಪುಂಡಿಪಲ್ಯ, ಮಜ್ಜಿಗೆ. ನಾನು ಚುಚ್ಚಿಕೊಳ್ಳುವ ಹೊತ್ತಿಗೆ ಸರಿಯಾಗಿ ಬಂದು, ಮುಖ ಗೋಡೆಯ ಕಡೆ ತಿರುಗಿಸಿ ನಿಲ್ಲುತ್ತಿದ್ದರು. ನೋಡಲು ಧೈರ್ಯವಿಲ್ಲ, ಬಿಟ್ಟುಹೋಗಲು ಮನಸ್ಸಿಲ್ಲ. ಸಕ್ಕರೆ ನೋಡಲು ಚುಚ್ಚಿ ಚುಚ್ಚಿ ಬೆರಳ ತುದಿಗಳೆಲ್ಲ ನೋಯುತ್ತಿದ್ದವು. ಕೂಸು ಉಳಿದೀತೇ ಎಂಬ ಹೆದರಿಕೆ ಹಗಲೂ ರಾತ್ರಿ ನನ್ನನ್ನು ತಿನ್ನುತ್ತಿತ್ತು. ಎಷ್ಟೋ ಸಲ ಸಾಕಪ್ಪ ಸಾಕು ಎಂದು ಅವರ ಸೆರಗಿನಲ್ಲೇ ಮುಖ ಒರೆಸಿಕೊಂಡಿದ್ದೇನೆ.

ನನ್ನ ಕುಬಸವನ್ನೂ, ಅಂದರೆ ಸೀಮಂತವನ್ನೂ, ಅವರೇ ಮಾಡಿದರು. ಹಸಿರು ಸೀರೆ ಉಡಿಸಿ ಮಣೆಯ ಮೇಲೆ ಕೂರಿಸಿದ್ದರು. ಮೊದಲ ಉಡಿ ತುಂಬುವವಳು ಮಕ್ಕಳಿರುವವಳಾಗಿರಬೇಕು. ಮಕ್ಕಳಿಲ್ಲದವರನ್ನು ಕುಬಸಕ್ಕೆ ಕರೆಯುವುದೇ ಇಲ್ಲ. ಕಾಕು ಕಮಲಾಪುರಕ್ಕೆ ತಾವೇ ಹೋಗಿ ನೆಗೆಣ್ಣಿಯನ್ನು ಕರೆತಂದಿದ್ದರು. ನೆರೆದ ಹೆಂಗಸರು ಗುಸುಗುಸು ಶುರು ಮಾಡಿದರು.

"ಮೊದಲ ಉಡಿ ಈಕೀನೇ ತುಂಬ್ತಾಳ," ಎಂದರು ಕಾಕು, ಎಲ್ಲರಿಗೂ ಕೇಳುವಂತೆ. "ಈಕಿ ಕಣ್ಣು ತಾಕಿದ್ದಿಲ್ಲ. ನನ್ನ ರಕ್ತದಾಗ ಸಕ್ಕರಿ ಇತ್ತು."

ಆ ಹೆಂಗಸು ತಲೆ ಎತ್ತಲಿಲ್ಲ. ನನ್ನ ಹೊಟ್ಟೆ ಕಣ್ಣಿಗೆ ಬೀಳದಂತೆ ನೆಲ ನೋಡುತ್ತಲೇ ಉಡಿ ತುಂಬಿದರು. ಅಕ್ಕಿ ಚೆಲ್ಲಿತು. "ಈಗ ಹೇಳ್ತಿ ಅಲ್ಲ ಅಕ್ಕಾ..." ಎಂದರು. ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಸಿಟ್ಟು ಮಾಡುವ ತ್ರಾಣವೂ ತೀರಿದವರ ದನಿ ಅದು.

ಮಗಳು ಹುಟ್ಟಿದಳು. ಎಲ್ಲ ಕೂಸುಗಳಷ್ಟೇ ಗಾತ್ರ. ಹುಟ್ಟಿದ ದಿನ ನರ್ಸ್ ಅದರ ಹಿಮ್ಮಡಿ ಚುಚ್ಚಿ ಚುಚ್ಚಿ ಸಕ್ಕರೆ ನೋಡುತ್ತಿದ್ದಳು. ಏನೂ ಆಗಲಿಲ್ಲ. ಕಾಕು ಕೂಸನ್ನು ನೆಗೆಣ್ಣಿಯ ಮಡಿಲಿಗೆ ಹಾಕಿ, "ನೋಡು, ಕಣ್ತುಂಬ ನೋಡು," ಎಂದರು. ಆಕೆ ಕಣ್ಣು ಮುಚ್ಚಿಕೊಂಡು ಅತ್ತರು.

ನನ್ನ ತಟ್ಟೆ ಕಾಯ್ದ ಕಾಕು ತಮಗೇ ಸಕ್ಕರೆ ಕಾಯಿಲೆ ಬಂದಾಗ ತಮ್ಮದನ್ನು ಕಾಯಲಿಲ್ಲ. ಕದ್ದು ಹೋಳಿಗೆ ತಿನ್ನುತ್ತಿದ್ದರು, ಗುಳಿಗೆ ನುಂಗಲು ಮರೆಯುತ್ತಿದ್ದರು. ಕೊನೆಗೆ ಕಿಡ್ನಿ ಕೈಕೊಟ್ಟವು. ಅವರಿಲ್ಲದ ಆ ಓಣಿಗೆ ನಾನು ಹೋಗುವುದಿಲ್ಲ. ಹೋಗಲು ಆಗುವುದಿಲ್ಲ.

ಹಣ್ಣು ಮುಟ್ಟಿದವೆಂದು ಹೇಳಲು ಕಮಲಾಪುರಕ್ಕೆ, ಕಾಕುವಿನ ನೆಗೆಣ್ಣಿಗೆ, ಫೋನ್ ಮಾಡಿದೆ. "ಮಗಳು ತಿಂದಳೇನವ್ವ?" ಎಂದು ಕೇಳಿದರು. ಮಗಳು ಎದುರಿಗೇ ಸಿಪ್ಪೆ ಸುಲಿಯುತ್ತಿದ್ದಳು. ತಿನ್ನಾಕತ್ತಾಳ್ರಿ ಎಂದೆ.

"ಅಕ್ಕನೂ ಹೋದಳು. ಆಕಿ ಚೊಚ್ಚಲು ಕೂಸಿನ ಮಾರಿ ನೆನಪಿದ್ದಾಕಿ ಇನ್ನ ನಾ ಒಬ್ಬಾಕೀನೇ," ಎಂದರು. ಮತ್ತೆ, "ಖರೇನೇ ಭಾಳ ಛಂದಿತ್ತವ್ವ. ಅದಕ್ಕೇ ಅಂದಿದ್ದೆ."