ಹಟ್ಟಿಯವರು ಆಕೆಗೆ ಹೇಳಿದ್ದು

ಆಕೆಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಇಷ್ಟು ವರ್ಷವಾದ ಮೇಲೆ ಅದನ್ನು ಮುಚ್ಚಿಟ್ಟು ಏನಾಗಬೇಕು? ನಾನು ಚನ್ನಗಿರಿ ಕಡೆಯ ಅಡಿಕೆ ವ್ಯಾಪಾರದ ಮನೆತನದವಳು, ತರಬೇತಿ ಮುಗಿಸಿದ ಸರ್ಕಾರಿ ನರ್ಸು. ಆಕೆ ಜಗಳೂರು ಸೀಮೆಯಲ್ಲಿ ದನಕರು ಸಾಕುವ ಮ್ಯಾಸನಾಯಕರ ಹಟ್ಟಿಯವಳು. ಗಂಡ ತೀರಿಕೊಂಡಿದ್ದ, ನಾಲ್ಕನೇ ಕ್ಲಾಸಿಗೆ ಓದು ನಿಂತಿತ್ತು. ಇಬ್ಬರಿಗೂ ಹೆಚ್ಚುಕಡಿಮೆ ಒಂದೇ ವಯಸ್ಸು.

ಎಪ್ಪತ್ತರ ದಶಕದ ಕೊನೆಯಲ್ಲಿ ನನ್ನನ್ನು ಆ ಕಡೆಗೆ ಹಾಕಿದರು. ಊರಿನ ಗೌಡರ ಬೀದಿಯಲ್ಲಿ ಬಾಡಿಗೆ ಮನೆ. ಮುಂದಿನ ಕೋಣೆಯಲ್ಲಿ ಔಷಧಿ, ಹಿಂದಿನ ಕೋಣೆಯಲ್ಲಿ ನಾನು. ಹಟ್ಟಿ ಅಲ್ಲಿಂದ ಒಂದು ಮೈಲಿ ದೂರ. ಅಲ್ಲಿಯವರು ನನ್ನ ಹತ್ತಿರ ಬರುತ್ತಿದ್ದದ್ದು ಅಪರೂಪ. ಅವರಿಗೆ ತಿಳಿವಳಿಕೆ ಇಲ್ಲ ಅಂದುಕೊಂಡು ಸುಮ್ಮನಿದ್ದೆ.

ಎರಡು ವರ್ಷದ ಮೇಲೆ ದೊಡ್ಡ ಆಸ್ಪತ್ರೆಯಿಂದ ಒಬ್ಬ ಡಾಕ್ಟರಮ್ಮ ಬಂದರು. ಹಟ್ಟಿಯಲ್ಲಿ ಕುಡಿತ ಯಾಕೆ ಹೆಚ್ಚಿತು, ಕಾಯಿಲೆ ಬಿದ್ದವರು ಯಾಕೆ ಆಸ್ಪತ್ರೆಗೆ ಬರುವುದಿಲ್ಲ ಎಂದು ಅವರು ತಿಳಿಯಬೇಕಿತ್ತು. ನನಗೆ ಅವರ ಮೇಲೆ ಬಹಳ ಅಭಿಮಾನ. ಅವರ ಕಣ್ಣಿಗೆ ಬೀಳಬೇಕೆಂದು ಅಚ್ಚು ಹಾಕಿಸಿದ ಫಾರಂ ಹಿಡಿದು ಮನೆಮನೆ ಸುತ್ತಿದೆ. ‘ಕುಡಿಯುತ್ತೀರಾ?’ ಎಂದರೆ ಎಲ್ಲರೂ ‘ಇಲ್ಲ’ ಎಂದರು. ಹೆಂಗಸರು ಬಾಗಿಲಿಂದ ಈಚೆಗೇ ಬರಲಿಲ್ಲ.

ಡಾಕ್ಟರಮ್ಮ ಫಾರಂಗಳನ್ನು ತಿರುವಿ ಹಾಕಿ, “ಪ್ರಶ್ನೆ ನಮ್ಮವು, ಅದಕ್ಕೇ ಹೀಗೆ. ಏನು ಕೇಳಬೇಕು, ಯಾರು ಕೇಳಬೇಕು ಅಂತ ಹಟ್ಟಿಯವರೇ ಗೊತ್ತುಮಾಡಲಿ” ಅಂದರು.

ಹಟ್ಟಿಯ ಹೆಂಗಸರು ಆಕೆಯನ್ನು ಆರಿಸಿದರು.

ಆಕೆ ಫಾರಂ ಮುಟ್ಟಲಿಲ್ಲ. ಬಿತ್ತನೆಗೆ ಶೇಂಗಾ ಸುಲಿಯುವ ಹೆಂಗಸರ ನಡುವೆ ಹೋಗಿ ಕೂರುತ್ತಿದ್ದಳು. ತಾನೂ ಸುಲಿಯುತ್ತ ಮಾತಿಗೆ ಎಳೆಯುತ್ತಿದ್ದಳು. ಆಮೇಲೆ ಹಳೆಯ ನೋಟುಬುಕ್ಕಿನಲ್ಲಿ ದಪ್ಪ ದಪ್ಪ ಅಕ್ಷರದಲ್ಲಿ ಬರೆದುಕೊಳ್ಳುತ್ತಿದ್ದಳು. ಹದಿನೈದು ದಿನದಲ್ಲಿ ಆ ಪುಸ್ತಕದ ಅರ್ಧ ತುಂಬಿತು. ಅದನ್ನು ಓದುವಾಗ ಡಾಕ್ಟರಮ್ಮನ ಮುಖ ಅರಳಿದ್ದು ಕಂಡು ನನಗೆ ಅನ್ನ ಸೇರಲಿಲ್ಲ.

ಒಬ್ಬರೇ ಇದ್ದ ಸಮಯ ನೋಡಿ ಡಾಕ್ಟರಮ್ಮನಿಗೆ ಹೇಳಿದೆ: “ಆಕೆ ತನಗೆ ತೋಚಿದ್ದು ಬರೀತಾಳ್ರೀ ಮೇಡಂ. ಸುಳ್ಳೋ ನಿಜವೋ ಯಾರಿಗೆ ಗೊತ್ತು?”

ಅವರು ಬೈಯಲಿಲ್ಲ. “ಹಾಗಾದ್ರೆ ನೀವೂ ಜೊತೆಗೆ ಹೋಗಿ ನೋಡ್ರಿ” ಅಂದರು.

ಹೋಗಲೇಬೇಕಾಯಿತು. ಆಕೆ ಮುಂದೆ, ನಾನು ಹಿಂದೆ. ಹಟ್ಟಿಯ ಮಕ್ಕಳು ಆಕೆಯ ಸೆರಗು ಹಿಡಿದು ಬರುತ್ತಿದ್ದವು, ನನ್ನನ್ನು ಕಂಡರೆ ಸೂಜಿ ಚುಚ್ಚುವವಳೆಂದು ಓಡುತ್ತಿದ್ದವು. ನನ್ನ ಫಾರಂಗೆ ‘ಇಲ್ಲ’ ಎಂದಿದ್ದ ಮುದುಕನ ಮನೆಯಲ್ಲಿ ಆಕೆ ಕಟ್ಟೆಯ ಮೇಲೆ ಕೂತು, “ಯಜ್ಜ, ನಿಮ್ಮ ಮನ್ಯಾಗೆ ಇದು ಯಾವಾಗಿಂದ ಶುರುವಾತು?” ಎಂದು ಕೇಳಿದಳು. ಕುಡಿಯುತ್ತೀಯಾ ಎಂದು ಕೇಳಲಿಲ್ಲ.

“ನಮ್ಮಪ್ಪನ ಕಾಲ್ದಾಗೆ ಈಚಲ ಮರ ಮುಟ್ತಿರ್ಲಿಲ್ಲವ್ವಾ. ಹೆಂಡ ನಮ್ಮ ದೇವರಿಗೆ ಆಗಾಕಿಲ್ಲ,” ಅಂದ ಮುದುಕ. “ಹುಡುಗ್ರು ಕ್ವಾರಿಗೆ ಹೋಗಾಕೆ ಹತ್ತಿದ್ರು ನೋಡು, ಅಲ್ಲಿಂದ ಬಂತು. ಕಲ್ಲು ಹೊತ್ತು ಮೈ ನೋಯ್ತೈತೆ ಅಂದ್ರೆ ಮೇಸ್ತ್ರಿನೇ ಸಾರಾಯಿ ಕೊಡ್ತಾನೆ. ಆಮ್ಯಾಲೆ ನನ್ನ ಕೈಗೂ ಬಂತು.”

ಮುಂದಿನ ಮನೆಯ ಹೆಂಗಸು ತಾನು ಹಸಿವು ಮರೆಯಲು ತಂಬಾಕಿನ ಕಡ್ಡಿಪುಡಿ ಹಾಕುವುದನ್ನು ಹೇಳಿದಳು. ನನ್ನ ಫಾರಂನಲ್ಲಿ ಹೆಂಗಸರಿಗೆಂದು ಒಂದು ಪ್ರಶ್ನೆಯೂ ಇರಲಿಲ್ಲ. ಇದೆಲ್ಲ ನನಗೆ ಹೇಳಬಹುದಿತ್ತಲ್ಲ ಎಂದು ಒಳಗೇ ಕುದಿಯುತ್ತಿದ್ದೆ.

ಕೊನೆಯ ಗುಡಿಸಲಿನಲ್ಲಿ ಒಬ್ಬ ತಾಯಿ ಇದ್ದಳು. ನರ್ಸಮ್ಮನ ಹತ್ತಿರ ಯಾಕೆ ಹೋಗುವುದಿಲ್ಲ ಎಂದು ಆಕೆ ಕೇಳಿದಾಗ ತಾಯಿ ನನ್ನ ಕಡೆ ನೋಡಲಿಲ್ಲ.

“ನನ್ನ ಮಗನ್ನ ಕರ್ಕೊಂಡು ಹೋಗಿದ್ನಲ್ಲ. ಮಾತು ತೊದಲ್ತಿತ್ತು, ರೆಪ್ಪೆ ಎತ್ತಾಕೆ ಆಗ್ತಿರ್ಲಿಲ್ಲ. ಕುಡ್ದೈತೆ, ಇಳಿದ ಮ್ಯಾಲೆ ಕರ್ಕೊಂಬರ್ರಿ ಅಂದ್ರು. ಅವ್ನು ಒಂದು ಹನೀನೂ ಮುಟ್ಟಿದೋನಲ್ಲ. ರಾತ್ರಿ ಮಲಗಿದ್ದಾಗ ಹಾವು ಕಚ್ಚಿತ್ತು, ನಮಗೂ ಆಮ್ಯಾಲೆ ಗೊತ್ತಾತು. ಜಗಳೂರಿಗೆ ಹೋಗೋ ಗಾಡ್ಯಾಗೇ ಜೀವ ಹೋತು.”

ನನಗೆ ಆ ಬೆಳಗು ನೆನಪಾಯಿತು. ಗೇಟನ್ನೂ ತೆಗೆದಿರಲಿಲ್ಲ ನಾನು. ದೂರದಿಂದಲೇ ನೋಡಿ, ಹಟ್ಟಿಯವನು, ತೂರಾಡುತ್ತಿದ್ದಾನೆ ಎಂದು ಕಳಿಸಿದ್ದೆ. ಅವನು ಸತ್ತದ್ದು ನನಗೆ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ನಾಚಿಕೆಯ ವಿಷಯ ಇನ್ನೊಂದಿದೆ. ಆ ಗುಡಿಸಲಿನಲ್ಲಿ ನನಗೆ ಮೊದಲು ಹುಟ್ಟಿದ್ದು ಪಶ್ಚಾತ್ತಾಪವಲ್ಲ. ತಾಯಿ ಅಳುತ್ತ ಆಕೆಯ ಭುಜಕ್ಕೆ ಒರಗಿದಳು, ಆಕೆ ತಲೆ ಸವರಿದಳು. ಸಂತೈಸುವುದು ನನ್ನ ವೃತ್ತಿ, ಅದನ್ನೂ ಇವಳೇ ಕಸಿದುಕೊಂಡಳಲ್ಲ ಎಂದು ಉರಿದೆ. ಪಶ್ಚಾತ್ತಾಪ ಬಂದದ್ದು ಹಿಂತಿರುಗುವ ದಾರಿಯಲ್ಲಿ.

“ಅದೊಂದನ್ನ ಬರೀಬೇಡವ್ವಾ,” ಎಂದು ಆಕೆಯನ್ನು ಕೇಳಿಕೊಂಡೆ.

ಆಕೆ ನಿಂತಳು. “ಬರೀದಿದ್ರೆ ಆ ತಾಯಿ ಮಾತು ಸುಳ್ಳಾಗ್ತೈತ್ರೀ. ಬರಿಯಾಕೆ ನನಗೂ ಸಂಕಟ ಐತೆ.”

ಒಂದು ತಿಂಗಳಾದ ಮೇಲೆ ಜಗಳೂರಿನ ಶಾಲೆಯೊಂದರಲ್ಲಿ ಅಧಿಕಾರಿಗಳು, ಹಟ್ಟಿಯವರು ಕೂಡಿದ ಸಭೆ ನಡೆಯಿತು. ಆಕೆ ನಿಂತು ಪುಸ್ತಕ ಓದಿದಳು. ಹಾವಿನ ವಿಷಯ ಬಂದಾಗ ‘ನರ್ಸಮ್ಮ’ ಎಂದಷ್ಟೇ ಓದಿದಳು. ಯಾವ ನರ್ಸಮ್ಮ ಎಂದು ಒಬ್ಬ ಅಧಿಕಾರಿ ಕೇಳಿದರು. ಆಕೆ ಹಾಳೆ ಮಗುಚಿ ಮುಂದಿನದನ್ನು ಓದತೊಡಗಿದಳು. ನಾನೇ ಎದ್ದು ನಿಂತೆ. ಧೈರ್ಯದಿಂದ ಎಂದು ಹೇಳಿಕೊಳ್ಳಲಾರೆ. ಆಕೆ ನನ್ನನ್ನು ಕಾಪಾಡುವುದು ನನಗೆ ಸಹಿಸಲಾಗಲಿಲ್ಲ.

ನನಗೆ ನೋಟೀಸು ಬಂತು, ಬಡ್ತಿ ನಿಂತಿತು. ವಾರಕ್ಕೆರಡು ದಿನ ಔಷಧಿ ಪೆಟ್ಟಿಗೆ ಹಟ್ಟಿಗೇ ಹೋಗಬೇಕೆಂದು ಹೆಂಗಸರು ಕೇಳಿದ್ದರು, ಅದೂ ಆಯಿತು. ಪೆಟ್ಟಿಗೆ ಹೊತ್ತು ಹೋಗುತ್ತಿದ್ದವಳು ನಾನೇ. ಸಾರಾಯಿ ಕೊಡುವುದು ನಿಲ್ಲಿಸುವ ತನಕ ಗಂಡಸರನ್ನು ಕ್ವಾರಿಗೆ ಕಳಿಸುವುದಿಲ್ಲ ಎಂದು ಹಟ್ಟಿಯ ಹೆಂಗಸರು ಹಟ ಹಿಡಿದರು. ಅಲ್ಲಿ ನಿಂತಿತು. ಕೆಲವು ವರ್ಷದ ಮೇಲೆ ಅಂಗಡಿಗಳಿಗೆ ಸಾರಾಯಿ ಪಾಕೀಟು ಬಂದಾಗ ಮತ್ತೆ ಕೆಲವರು ಬಿದ್ದರು, ಎಲ್ಲರೂ ಬೀಳಲಿಲ್ಲ. ಮುದುಕ ಬಿಟ್ಟವನು ಮತ್ತೆ ಮುಟ್ಟಲಿಲ್ಲ.

ಆ ತಾಯಿಯ ಗುಡಿಸಲಿಗೆ ಪ್ರತಿಸಲವೂ ಹೋಗುತ್ತಿದ್ದೆ. ಬಹಳ ದಿನ ಆ ತಾಯಿ ನನ್ನನ್ನು ಕಂಡರೆ ಒಳಕ್ಕೆ ಎದ್ದು ಹೋಗುತ್ತಿದ್ದಳು. ಒಂದು ದಿನ ಮಂಡಿ ನೋವಿಗೆ ಮುಲಾಮು ಕೇಳಿದಳು.

ಎಂಬತ್ತರ ದಶಕದ ನಡುವೆ ನನಗೆ ಹೊನ್ನಾಳಿ ತಾಲ್ಲೂಕಿನ ಸಾಸ್ವೆಹಳ್ಳಿ ಕಡೆಗೆ ವರ್ಗವಾಯಿತು. ಅಲ್ಲಿ ನಾನೂ ಫಾರಂ ಬಿಟ್ಟು ಹೆಂಗಸರ ನಡುವೆ ಕೂರಲು ಶುರುಮಾಡಿದೆ. ವರ್ಷ ಕಳೆದರೂ ಮೇಲುಮೇಲಿನ ಮಾತೇ. ಡಾಕ್ಟರಮ್ಮನಿಗೆ ಕಾಗದ ಬರೆದೆ. ಅವರು ಆಕೆಯನ್ನು ಬಸ್ಸು ಹತ್ತಿಸಿ ಕಳಿಸಿದರು.

ಆಕೆ ಬಂದು, ನನ್ನ ಮನೆಯಲ್ಲಿ ಉಂಡು, ಭತ್ತ ಕೇರುವ ಹೆಂಗಸರ ಜೊತೆ ಕೂತಳು. ಮಧ್ಯಾಹ್ನ ಇಳಿಯುವುದರೊಳಗೆ ಅವರು ತಮ್ಮ ತಮ್ಮ ಗಂಡಂದಿರ ಕಥೆ ಹೇಳತೊಡಗಿದ್ದರು. ಆಕೆ ನನ್ನತ್ತ ತಿರುಗಿ, “ಬರ್ಕೊಳ್ರೀ ನರ್ಸಮ್ಮ, ನಿಮ್ಮ ಅಕ್ಷರ ಚಂದ ಐತೆ,” ಅಂದಳು.

ಹೊಟ್ಟೆ ಉರಿಯಿತು. ಪೆನ್ನು ತೆಗೆದು ಬರೆದುಕೊಳ್ಳತೊಡಗಿದೆ.