ಪರಮೇಶಣ್ಣನ ತಮಾಷೆ

ನಾನು ಚಿಕ್ಕವಳಿದ್ದಾಗ ಕಡೂರಿನ ನಮ್ಮ ಬೀದಿಯಲ್ಲಿ ಪಾಸ್‌ಪೋರ್ಟ್ ಮಾಡಿಸುತ್ತಿದ್ದವರು ಎರಡೇ ಥರದವರು. ಹಜ್‌ಗೆ ಹೋಗುವ ಮುದುಕರು, ಗಲ್ಫ್‌ಗೆ ದುಡಿಯಲು ಹೋಗುವ ಹುಡುಗರು. ಬರೀ ಆಟ ಆಡಿಕೊಂಡು ಬರೋದಕ್ಕೆ ಅಂತ ಪಾಸ್‌ಪೋರ್ಟ್ ಮಾಡಿಸಿದ ಮೊದಲ ಮನೆ ನಮ್ಮದು. ನನಗಾಗ ಹನ್ನೊಂದು ವರ್ಷ. ಫೋಟೋದಲ್ಲಿ ಕಿವಿ ಕಾಣಬೇಕು ಅಂತ ಸ್ಟುಡಿಯೋದವನು ನನ್ನ ತಲೆಬಟ್ಟೆ ಹಿಂದಕ್ಕೆ ಸರಿಸಿದ್ದಕ್ಕೆ ಬೀದಿಯ ಹುಡುಗಿಯರೆಲ್ಲ ಬಂದು ಆ ಫೋಟೋ ನೋಡಿ ನಕ್ಕು ಹೋಗಿದ್ದರು.

ಅಬ್ಬಾದು ಪಂಪ್‌ಸೆಟ್ ಅಂಗಡಿ. ಪಕ್ಕದಲ್ಲಿ ಕೊಬ್ಬರಿ ಗೋಡೌನು. ಹೀಗಾಗಿ ನನ್ನ ಬಾಲ್ಯಕ್ಕೆಲ್ಲ ಗ್ರೀಸು, ಕೊಬ್ಬರಿ ಎರಡರ ವಾಸನೆಯೂ ಸೇರಿಕೊಂಡಿದೆ. ಸ್ಕೂಲು ಬಿಟ್ಟ ಮೇಲೆ ನಾನು ಅಂಗಡಿ ಮುಂದೆ ರಾಶಿ ಹಾಕಿದ್ದ ಪೈಪುಗಳ ಒಂದು ತುದಿಗೆ ಬಾಯಿಟ್ಟು ಕೂಗುತ್ತಿದ್ದೆ, ಇನ್ನೊಂದು ತುದಿಗೆ ಯಾರಾದರೂ ಕಿವಿ ಇಡುತ್ತಿದ್ದರು. ಯಗಟಿ ಕಡೆಯ ರೈತರು ಬೋರಿನಲ್ಲಿ ನೀರು ಬಿದ್ದರೆ ಮೊದಲ ಫೋನು ಅಬ್ಬಾಗೇ ಮಾಡುತ್ತಿದ್ದರು. "ಸಾಬ್ರೇ, ಬಂದ್ಬಿಡ್ತು ಗಂಗೆ!" ಅಂತ ಅವರು ಅರಚುವುದು ಅಡುಗೆಮನೆಯವರೆಗೂ ಕೇಳುತ್ತಿತ್ತು.

ಆ ಬೇಸಿಗೆಯಲ್ಲಿ ಪಂಪ್‌ಸೆಟ್ ಕಂಪನಿಯವರು, ಚೆನ್ನಾಗಿ ಮಾಲು ಮಾರಿದ ಅಂಗಡಿಯವರನ್ನು ಮನೆಮಂದಿ ಸಮೇತ ಹೊರದೇಶಕ್ಕೆ ಕರೆದುಕೊಂಡು ಹೋಗುತ್ತೇವೆ ಅಂದರು. ಒಂದು ಬಸ್ಸು ತುಂಬುವಷ್ಟು ಜನ. ಅದರಲ್ಲಿ ಮುಸಲ್ಮಾನರ ಮನೆ ನಮ್ಮದೊಂದೇ. ಯಾವ ದೇಶ, ಯಾವ ಪಾರ್ಕು ಅಂತ ಬರೆಯುವುದಿಲ್ಲ. ಅಲ್ಲಿಯವರಿಗೆ ನಾವು ಯಾರು ಅಂತ ಗೊತ್ತಿರಲಿಲ್ಲ. ನನ್ನ ಸಿಟ್ಟೆಲ್ಲ ನಾವು ಯಾರು ಅಂತ ಗೊತ್ತಿದ್ದವರ ಮೇಲೆ.

ಅವರ ಹೆಸರು ಪರಮೇಶಣ್ಣ. ತರೀಕೆರೆಯವರು, ಅದೇ ಕಂಪನಿಯ ಮಾಲು ಮಾರುತ್ತಿದ್ದವರು, ಅಬ್ಬಾನ ಹಳೇ ಸ್ನೇಹಿತರು. ಈದ್ ದಿನ ತಪ್ಪದೆ ಬಂದು ಎರಡು ಬಟ್ಟಲು ಶೀರ್ ಖುರ್ಮಾ ಕುಡಿದು, ಮೀಸೆ ಒರೆಸಿಕೊಂಡು, "ಅತ್ತಿಗೆ, ಇದಕ್ಕೋಸ್ಕರ ನಾನೂ ಮೂವತ್ತು ದಿನ ಉಪವಾಸ ಇರಬಹುದು ಕಣ್ರೀ" ಅನ್ನುತ್ತಿದ್ದರು. ಅವರ ಹೆಂಡತಿ ಗಿರಿಜಕ್ಕನೂ ಅಮ್ಮಿಯೂ ಬಲು ಆಪ್ತರು. ಮಗಳು ಚೈತ್ರಾ ನನ್ನ ವಯಸ್ಸಿನವಳು.

ಹೋಟೆಲಿನಲ್ಲಿ ಮೊದಲ ದಿನವೇ ಊಟದ ಕಷ್ಟ ಶುರುವಾಯಿತು. ಟೇಬಲ್ಲಿನ ಮಾಂಸ ಹಲಾಲೋ ಅಲ್ಲವೋ ಅಂತ ಅಮ್ಮಿಗೆ ಅನುಮಾನ. ಅದೇ ಸೌಟು ಅನ್ನಕ್ಕೂ ಹಾಕುತ್ತಾರೆ ಅಂತ ಸಸ್ಯಾಹಾರಿ ಗಿರಿಜಕ್ಕನಿಗೆ ವಾಕರಿಕೆ. ಇಬ್ಬರೂ ನಮ್ಮ ರೂಮಿಗೆ ಬಂದು ಬಾಗಿಲು ಹಾಕಿಕೊಂಡರು. ಅಮ್ಮಿಯ ಚೀಲದಿಂದ ಒಣರೊಟ್ಟಿ, ಹುಚ್ಚೆಳ್ಳು ಪುಡಿ, ಕೊಬ್ಬರಿ ಮಿಠಾಯಿ ಬಂತು. ಗಿರಿಜಕ್ಕನ ಚೀಲದಿಂದ ತುಪ್ಪ, ಉಪ್ಪಿನಕಾಯಿ.

"ನಮ್ಮಿಬ್ಬರ ದೇವರೂ ಒಂದೇ ಕಡೆ ಸಿಕ್ಕಾಕ್ಕೊಂಡವ್ರೆ ಕಣೇ," ಅಂತ ಗಿರಿಜಕ್ಕ ನಕ್ಕರು. ಹಾಸಿಗೆಯ ಬಿಳಿ ದುಪ್ಪಟಿ ಮೇಲೆಲ್ಲ ಕರೀ ಪುಡಿ ಬಿತ್ತು. ಆ ರಾತ್ರಿಯ ಊಟದಷ್ಟು ರುಚಿಯಾಗಿ ನಾನು ಮತ್ತೆಂದೂ ಉಂಡಿಲ್ಲ.

ಮಾರನೇ ದಿನ ಪಾರ್ಕು. ಬಸ್ಸಿನಿಂದಲೇ ಕಾಣುತ್ತಿತ್ತು, ಆಕಾಶದಲ್ಲಿ ಮಗುಚಿ ಬೀಳುವ ಕಂಬಿಗಳು, ಬೆಟ್ಟದ ಮೇಲಿಂದ ನೀರಿಗೆ ಜಾರುವ ದೋಣಿ. ಗೇಟಿನ ಮುಂದೆ ಒಂದು ಕೊಳ. ಬುಕ್ಕಾಂಬುಧಿಯಲ್ಲಿ ಹುಟ್ಟಿದ ಅಮ್ಮಿ ಅದನ್ನು ನೋಡಿ, "ಇಷ್ಟೇನಾ? ನಮ್ಮೂರ ಕೆರೆ ಕೋಡಿ ಬಿದ್ದಾಗ ನೋಡಬೇಕು ಇವರು," ಅಂದಳು. ನಾನು, ಚೈತ್ರಾ ಕೈ ಹಿಡಿದುಕೊಂಡು, ಮೊದಲು ದೋಣಿ, ಆಮೇಲೆ ಮಿಕ್ಕಿದ್ದು ಅಂತ ಮಾತಾಡಿಕೊಂಡೆವು. ಎಲ್ಲಿಂದಲೋ ಸಕ್ಕರೆ ಸುಟ್ಟ ವಾಸನೆ, ಬೆಣ್ಣೆ ಹಾಕಿದ ಜೋಳದ ವಾಸನೆ. ಅಬ್ಬಾ ಹೊಸ ಶರ್ಟು ಹಾಕಿದ್ದರು. ಅದರ ಮಡಿಕೆ ಇನ್ನೂ ಹೋಗಿರಲಿಲ್ಲ.

ಗೇಟಿನಲ್ಲಿ ಚೀಲ ನೋಡುತ್ತಿದ್ದರು. ಅಮ್ಮಿಯ ಕೈಚೀಲ ಅಬ್ಬಾನ ಕೈಯಲ್ಲಿತ್ತು. ಕಾವಲಿನವನು ಅದರೊಳಗಿಂದ ಬೆಳ್ಳಿ ಕಾಗದದಲ್ಲಿ ಸುತ್ತಿದ ಉಂಡೆಗಳನ್ನು ತೆಗೆದು ಕೈಯಲ್ಲಿ ತೂಗಿ ನೋಡಿದ. ಕೊಬ್ಬರಿ ಮಿಠಾಯಿ. ಅಬ್ಬಾ ತಿನ್ನೋದು ಅಂತ ಬಾಯಿಯ ಹತ್ತಿರ ಕೈ ಒಯ್ದು ತೋರಿಸಿದರು. ಆಗ ಹಿಂದಿನಿಂದ ಪರಮೇಶಣ್ಣನ ಗಟ್ಟಿ ಗಂಟಲು.

"ಸಾರ್, ಕೇರ್‌ಫುಲ್! ಬಾಂಬ್ ಸಾರ್, ಬಾಂಬ್! ದಿಸ್ ಮ್ಯಾನ್, ಬಾಂಬ್!"

ಅಬ್ಬಾನ ಬೆನ್ನಿಗೆ ಒಂದು ಗುದ್ದು ಗುದ್ದಿ ಹೋ ಅಂತ ನಕ್ಕರು. ಸಾಲಿನಲ್ಲಿದ್ದ ಅಂಗಡಿಯವರೆಲ್ಲ ನಕ್ಕರು. ಅಬ್ಬಾನೂ ನಕ್ಕರು. ಕಾವಲಿನವನು ನಗಲಿಲ್ಲ. ಕಿವಿಯ ಹತ್ತಿರ ಇದ್ದ ಯಂತ್ರದಲ್ಲಿ ಏನೋ ಅಂದ. ನಾಲ್ಕು ಜನ ಓಡಿ ಬಂದರು.

ಪರಮೇಶಣ್ಣ ಎರಡೂ ಕೈ ಎತ್ತಿ "ಜೋಕ್, ಜೋಕ್" ಅಂದರು. ಓಡಿ ಬಂದವರು ಅಬ್ಬಾನನ್ನೂ ಅವರನ್ನೂ ಗೇಟಿನ ಪಕ್ಕದ ಒಂದು ಬಾಗಿಲೊಳಗೆ ಕರೆದುಕೊಂಡು ಹೋದರು. ನಮ್ಮ ಕೈಲಿದ್ದ ಪಾಸ್‌ಪೋರ್ಟುಗಳನ್ನೂ ತೆಗೆದುಕೊಂಡು ಹೋದರು. ಸ್ವಲ್ಪ ಹೊತ್ತಿಗೆ ಪರಮೇಶಣ್ಣ ಒಬ್ಬರೇ ಕರ್ಚೀಫಿನಲ್ಲಿ ಕತ್ತು ಒರೆಸಿಕೊಳ್ಳುತ್ತ ಹೊರಗೆ ಬಂದರು.

"ಇವರೆಲ್ಲಿ?" ಅಂದಳು ಅಮ್ಮಿ.

"ಬಂದ್ಬಿಡ್ತಾರೆ ಅತ್ತಿಗೆ. ಹೆಸರು ಸ್ವಲ್ಪ ನೋಡ್ತಾ ಅವ್ರಂತೆ. ಏನಿಲ್ಲ. ಬನ್ನಿ, ನೀವು ಒಳಗೆ ಬನ್ನಿ, ಮಕ್ಕಳು ಕಾಯ್ತಾ ಅವೆ."

ಮಾತು ಆಡಿದವನು ಹೊರಗೆ, ಆಡಿಸಿಕೊಂಡವನು ಒಳಗೆ. ಹನ್ನೊಂದು ವರ್ಷದ ನನಗೂ ಅದರಲ್ಲೇನೋ ಸರಿಯಿಲ್ಲ ಅಂತ ಗೊತ್ತಾಯಿತು. ಬಸ್ಸಿನಲ್ಲಿ ಬಂದಿದ್ದ ದೊಡ್ಡವರಲ್ಲಿ ಒಬ್ಬರಿಗೂ ಗೊತ್ತಾಗಲಿಲ್ಲ. ಟೂರಿನವನು ಟಿಕೆಟ್ಟು ಇವತ್ತಿಗೆ ಮಾತ್ರ ಅಂದ. ಎಲ್ಲರೂ ಒಳಗೆ ಹೋದರು. ಪರಮೇಶಣ್ಣನೂ ಹೋದರು! ತನ್ನ ಸ್ನೇಹಿತನನ್ನು ಆ ಬಾಗಿಲ ಹಿಂದೆ ಬಿಟ್ಟು, ಮಗಳ ಕೈ ಹಿಡಿದುಕೊಂಡು, ಕಂಬಿ ಮೇಲೆ ಓಡುವ ಗಾಡಿ ಹತ್ತೋಕೆ ಹೋದರು. ಗಿರಿಜಕ್ಕ ಒಬ್ಬರು ಮಾತ್ರ ಗಂಡನಿಗೆ ಬೆನ್ನು ತಿರುಗಿಸಿ ನಮ್ಮ ಪಕ್ಕ ಗೇಟಿನ ಹೊರಗಿನ ಬೆಂಚಿನ ಮೇಲೆ ಕೂತರು.

ಅಮ್ಮಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ನನಗೆ ಬಂದಷ್ಟರಲ್ಲಿ ನಾನು ಆಗಾಗ ಹೋಗಿ ಆ ಬಾಗಿಲ ಪಕ್ಕದ ಕಿಟಕಿಯಲ್ಲಿ, "ಮೈ ಫಾದರ್, ಪ್ಲೀಸ್," ಅನ್ನುತ್ತಿದ್ದೆ. ಅಲ್ಲಿದ್ದ ಹೆಂಗಸು ಬೆಂಚು ತೋರಿಸುತ್ತಿದ್ದಳು. ಬಿಸಿಲು ನೆತ್ತಿಗೆ ಬಂತು. ಗೊಂಬೆ ವೇಷದವರು ಕುಣಿಯುತ್ತ ಬಂದು ನನ್ನ ಕೈ ಕುಲುಕಲು ನೋಡಿದರು. ಒಳಗಿನಿಂದ ಜನ ಖುಷಿಯಲ್ಲಿ ಕಿರುಚುವುದು ಕೇಳುತ್ತಿತ್ತು. ಪ್ರತಿ ಸಲ ಕಿರುಚಿದಾಗಲೂ ಅಮ್ಮಿ ಬೆಚ್ಚಿ ಆ ಬಾಗಿಲ ಕಡೆ ನೋಡುತ್ತಿದ್ದಳು. ಗಿರಿಜಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಈ ಮನುಷ್ಯನ ನಾಲಿಗೆಗೆ ಬೆಂಕಿ ಹಾಕ," ಅಂತ ಅದನ್ನೇ ಮತ್ತೆ ಮತ್ತೆ ಅನ್ನುತ್ತಿದ್ದರು.

ಅಬ್ಬಾ ಹೊರಗೆ ಬಂದಾಗ ಬಿಸಿಲು ಇಳಿದಿತ್ತು. ಶರ್ಟಿನ ಗುಂಡಿಗಳನ್ನು ಒಂದು ಮೇಲೆ ಒಂದು ಕೆಳಗೆ ತಪ್ಪಾಗಿ ಹಾಕಿಕೊಂಡಿದ್ದರು. "ಏನಿಲ್ಲ, ಬರೀ ಕಾಗದ ನೋಡಿದ್ರು. ಬಹಳ ಮರ್ಯಾದಸ್ಥರು," ಅಂದರು. ಆ ಹೊತ್ತಿಗೆ ನಮ್ಮ ಜನ ಎಲ್ಲ ವಾಪಸ್ ಬರುತ್ತಿದ್ದರು. ಚೈತ್ರಾಳ ಜಡೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ದೋಣಿ ಹತ್ತಿ ಬಂದಿದ್ದಳು. ನನ್ನ ಮುಖ ನೋಡಿ ಕೈಲಿದ್ದ ಜೋಳದ ಪೊಟ್ಟಣ ಮುಂದೆ ಮಾಡಿದಳು. ನಾನು ಮುಟ್ಟಲಿಲ್ಲ.

ಪರಮೇಶಣ್ಣ ಅಬ್ಬಾನ ಹೆಗಲ ಮೇಲೆ ಕೈ ಹಾಕಿ, "ಏನಪ್ಪಾ, ಸರ್ಕಾರಿ ಅಳಿಯ ಆಗ್ಬಿಟ್ಟಿದ್ಯಲ್ಲೋ!" ಅಂದರು. ಅಬ್ಬಾ ಮತ್ತೆ ನಕ್ಕರು. ಆ ನಗು ನೋಡಿ ನನಗೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಬಸ್ಸು ಹೊರಟ ಮೇಲೆ ಅಮ್ಮಿ ಎದ್ದು ನಿಂತಳು. ಸೀಟಿನ ಕಂಬಿ ಹಿಡಿದುಕೊಂಡು ಎಲ್ಲರಿಗೂ ಕೇಳುವ ಹಾಗೆ ಅಂದಳು:

"ಪರಮೇಶಣ್ಣಾ, ಮಾತಾಡಿದ್ದು ನೀವು. ಕೂಡಿ ಹಾಕಿದ್ದು ಇವರನ್ನ. ಯಾಕೆ ಅಂತ ಹೇಳ್ತೀರಾ?"

ಅಮ್ಮಿ ಅವರ ಸೀಟಿನ ಕಡೆಗೇ ತಿರುಗಿ ನಿಂತಳು.

"ಇಷ್ಟು ವರ್ಷ ನಮ್ಮನೇಲಿ ಕೂತು ತಿಂದ್ರಲ್ಲ, ಇವರನ್ನ ನೋಡಿದ್ರೆ ನಿಮಗೆ ತೋಚೋ ತಮಾಷೆ ಅದೊಂದೇನಾ?"

"ತಮಾಷೆಗೆ ಅಂದೆ ಕಣಮ್ಮಾ..." ಅಂತ ಪರಮೇಶಣ್ಣ ಎದ್ದರು. ಹಿಂದಿನ ಸೀಟಿನಿಂದ ಇನ್ನೊಬ್ಬರು, "ಬಿಡಿ ತಾಯಿ, ಎಲ್ಲರ ಖುಷಿ ಯಾಕೆ ಹಾಳು ಮಾಡ್ತೀರಾ," ಅಂದರು. ಅಬ್ಬಾ ಅಮ್ಮಿಯ ತೋಳು ಹಿಡಿದು ಕೂರಿಸಿದರು. "ಆಯ್ತು ಬಿಡೇ. ಸ್ನೇಹದಲ್ಲಿ ಒಂದು ಮಾತು ಬಂದು ಹೋಯ್ತು." ಯಾರೋ ಹಾಡು ಹಾಕಿದರು. ಅಂತ್ಯಾಕ್ಷರಿ ಶುರುವಾಯಿತು.

ಊರಿಗೆ ಬಂದ ಮೇಲೆ ನಮ್ಮನೆಯಲ್ಲಿ ಯಾರೂ ಆ ಮಾತು ಎತ್ತಲಿಲ್ಲ. ಪರಮೇಶಣ್ಣ ಮುಂದಿನ ಈದ್‌ಗೂ ಬಂದರು. ಅಬ್ಬಾ ಬಟ್ಟಲು ತುಂಬಿಸಿ ಕೊಟ್ಟರು. ಆದರೆ ಪರಮೇಶಣ್ಣ ಆ ಮಾತು ಬಿಡಲಿಲ್ಲ. ಮದುವೆ, ಗೃಹಪ್ರವೇಶ, ಕಂಪನಿ ಮೀಟಿಂಗು, ನಾಲ್ಕು ಜನ ಸೇರಿದಲ್ಲೆಲ್ಲ ಅದನ್ನು ನಗೋ ಕಥೆ ಮಾಡಿ ಹೇಳಿದರು. ವರ್ಷ ಹೋದ ಹಾಗೆ ಕಥೆಯಲ್ಲಿ ಪೊಲೀಸರು ಹೆಚ್ಚಾದರು, ನಾಯಿಗಳು ಬಂದವು, ಬಂದೂಕು ಬಂತು.

ಹೋದ ಬೇಸಿಗೆಯಲ್ಲಿ ತರೀಕೆರೆಯಲ್ಲಿ ಚೈತ್ರಾಳ ಮದುವೆ. ಅಮ್ಮಿಗೆ ಮಂಡಿನೋವು, ಬರಲಿಲ್ಲ. ಅಬ್ಬಾನ ಅಂಗಡಿ ಈಗ ನೋಡಿಕೊಳ್ಳುವವಳು ನಾನೇ. ಬೆಳಿಗ್ಗೆ ಬೇಗ ಬೀಗ ಹಾಕಿ ಅಬ್ಬಾನನ್ನು ಕರೆದುಕೊಂಡು ಹೋದೆ. ಊಟದ ಪಂಕ್ತಿಯಲ್ಲಿ ನಾವು ಕೂತಿದ್ದೆವು. ಪರಮೇಶಣ್ಣ ಗಂಡಿನ ಕಡೆಯ ಹಿರಿಯರನ್ನು ಕರೆದುಕೊಂಡು ಬಂದು ಅಬ್ಬಾನ ಹಿಂದೆ ನಿಂತರು.

"ಇವರೇ ನೋಡಿ ನಮ್ಮ ಕಡೂರು ಸಾಬ್ರು. ಫಾರಿನ್ನಲ್ಲಿ ಟೆರರಿಸ್ಟು ಅಂತ ಹಿಡ್ಕೊಂಡ್ ಹೋಗಿದ್ರು! ಮುಖ ನೋಡ್ಬೇಕಿತ್ತು ಸ್ವಾಮಿ!"

ಬೀಗರು ನಕ್ಕರು. ಅಬ್ಬಾ ನಗುತ್ತ ಎಲೆಯ ಮೇಲಿನ ಅನ್ನವನ್ನು ಸುಮ್ಮನೆ ಕಲಸುತ್ತಲೇ ಇದ್ದರು. ಸಾರು ಹಾಕಿಸಿಕೊಂಡಿರಲಿಲ್ಲ. ಬರೀ ಅನ್ನ.

ನಾನು ಎದ್ದು ನಿಂತೆ.

"ಪರಮೇಶಣ್ಣಾ, ಪೂರ್ತಿ ಹೇಳಿ. ಬಾಂಬ್ ಅಂತ ಕೂಗಿದ್ದು ಯಾರು ಅಂತ ಹೇಳಿ. ಇವರನ್ನ ಒಳಗೆ ಬಿಟ್ಟು ಬಂದು ಆಟ ಆಡೋಕೆ ಹೋದೋರು ಯಾರು ಅಂತಾನೂ ಹೇಳಿ. ನೀವು ಹೇಳದಿದ್ರೆ ನಾನು ಹೇಳ್ತೀನಿ."

ಹೇಳಿದೆ. ಬೆಂಚು, ಬಿಸಿಲು, ಅಮ್ಮಿ ಎಲ್ಲ ಹೇಳಿದೆ. ಬಡಿಸುವವರು ಬಕೆಟ್ಟು ಹಿಡಿದು ಹಾಗೇ ನಿಂತರು. ಬೀಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪರಮೇಶಣ್ಣನ ಮುಖ ಚಿಕ್ಕದಾಯಿತು. "ಮಗಳ ಮದುವೇಲಿ ಬಂದು ಹಿಂಗಾ ಮಾಡೋದು?" ಅಂದರು. ಅಬ್ಬಾ ಕೈ ತೊಳೆದು ನನ್ನನ್ನು ಕರೆದುಕೊಂಡು ಹೊರಗೆ ಬಂದರು.

ಕಾರು ಬೀರೂರು ದಾಟಿತು. ಬೈಯುತ್ತಾರೆ ಅಂತ ನಾನು ಸ್ಟೀರಿಂಗ್ ಬಿಗಿಯಾಗಿ ಹಿಡಿದುಕೊಂಡಿದ್ದೆ. ಆಮೇಲೆ ಅಬ್ಬಾ ಕಿಟಕಿಯ ಕಡೆ ತಿರುಗಿಯೇ ಅಂದರು:

"ಶರ್ಟು, ಬನಿಯನ್ನು ಬಿಚ್ಚಿಸಿದ್ರು ಕಣಮ್ಮಾ. ಗೋಡೆ ಕಡೆ ಮುಖ ಮಾಡಿಸಿ ನಿಲ್ಲಿಸಿದ್ರು. ನಂಗೇನು ಭಾಷೆ ಬರ್ತಿತ್ತಾ? ಪಂಪ್‌ಸೆಟ್, ಪಂಪ್‌ಸೆಟ್ ಅಂತಾನೇ ಅಂದೆ. ನೀರು ಎತ್ತೋದು ಕೈಯಲ್ಲಿ ಮಾಡಿ ತೋರಿಸ್ದೆ. ಅವರಲ್ಲೊಬ್ಬ ನನ್ನ ಥರಾನೇ ಮಾಡಿ ತೋರಿಸಿ ಇನ್ನೊಬ್ಬನನ್ನ ನಗಿಸ್ದ."

ನಾನು ಗಾಡಿ ಪಕ್ಕಕ್ಕೆ ಹಾಕಿ ನಿಲ್ಲಿಸಿದೆ. ಆ ಪಾರ್ಕಿನ ದಿನ ಅವರಿಗೆ ನಲವತ್ತೂ ತುಂಬಿರಲಿಲ್ಲ. ಇದನ್ನು ಅಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ಆ ಮನುಷ್ಯನಿಗೆ ಬಟ್ಟಲು ತುಂಬಿಸಿ ಕೊಟ್ಟಿದ್ದಾರೆ.

ಒಂದು ವಾರದ ಮೇಲೆ ಚೈತ್ರಾ ಫೋನು ಮಾಡಿದಳು. "ಅಪ್ಪಾಜಿ ಬಹಳ ನೊಂದ್ಕೊಂಡವ್ರೆ ಕಣೇ. ಒಂದೇ ಒಂದ್ಸಲ ಸಾರಿ ಅಂದ್ಬಿಡು, ಎಲ್ಲ ಸರಿ ಹೋಗುತ್ತೆ." ನಾನು ಅನ್ನಲಿಲ್ಲ. ಅನ್ನುವುದೂ ಇಲ್ಲ. ಅವರ ತಮಾಷೆಯಿಂದ ಮುರಿಯದೆ ಉಳಿದಿದ್ದ ಸ್ನೇಹ ನನ್ನ ಮಾತಿನಿಂದ ಮುರಿಯಿತಂತೆ. ಎರಡೂ ಊರಿನವರು ಹಾಗೇ ಹೇಳುತ್ತಿದ್ದಾರೆ.

ಈಗ ಅಂಥ ಪಾರ್ಕುಗಳಲ್ಲಿ ನಮಾಜಿಗೆ ಕೋಣೆ ಇರುತ್ತದಂತೆ, ಹಲಾಲ್ ಊಟದ ಬೋರ್ಡು ಇರುತ್ತದಂತೆ. ಸಂತೋಷ. ನಮ್ಮ ಸಂಬಂಧಿಕರ ಮಕ್ಕಳು ಅಲ್ಲಿಂದ ಫೋಟೋ ಕಳಿಸುತ್ತಾರೆ, ಬಾಯಿ ತೆರೆದು ನಗುತ್ತಿರುತ್ತಾರೆ. ನನಗೆ ಆ ವಯಸ್ಸಿನದು ಅಂತ ಉಳಿದಿರುವುದು ಹೊರಗಿನಿಂದ ಕೇಳಿದ ಕಿರುಚಾಟ ಮಾತ್ರ.

ಅಮ್ಮಿ ಮಾತ್ರ ನನ್ನ ಹತ್ತಿರ ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ. ಬಸ್ಸಿನಲ್ಲಿ ಎದ್ದು ನಿಂತು ಕೇಳಿದ ಅದೇ ಅಮ್ಮಿ. ಮೊನ್ನೆ ಅವರೆಕಾಯಿ ಬಿಡಿಸುತ್ತ ಕೂತವಳು ತಲೆ ಎತ್ತದೆ, "ಗಿರಿಜಾ ಏನು ಮಾಡಿದ್ಲು ಪಾಪ," ಅಂದಳು. ಗಿರಿಜಕ್ಕ ಏನೂ ಮಾಡಿಲ್ಲ. ಅವರ ಫೋನು ಬಂದು ತಿಂಗಳುಗಳೇ ಆದವು. ಅದಕ್ಕೂ ನನಗೆ ಪರಮೇಶಣ್ಣನ ಮೇಲೇ ಸಿಟ್ಟು.